ನಾಗಫಣಿಗೆ ಹಾರಿದ ಉಡಿ

ಹೆಲಿಕಾಪ್ಟರು ಎಲ್ಲಿಗೂ ಹೋಗುವುದಿಲ್ಲ, ಅದು ಮೇಲೆದ್ದು ಸುಮ್ಮನೆ ನಿಂತಿರುತ್ತದೆ, ಭೂಮಿಯೇ ತಿರುಗಿ ಬೇಕಾದ ಊರನ್ನು ತಂದು ಅದರ ಕಾಲಡಿಗೆ ಇಡುತ್ತದೆ ಎಂದು ಯಲ್ಲಾಲಿಂಗ ಬಹಳ ವರ್ಷ ನಂಬಿದ್ದ. ಈ ನಂಬಿಕೆಗೆ ಶಾಸ್ತ್ರಾಧಾರವೂ ಇತ್ತು. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆಂದು ಶಾಲೆಯಲ್ಲಿ ಮಾಸ್ತರರು ಹೇಳಿದ ವಾರವೇ ಚುನಾವಣೆಯ ಹೆಲಿಕಾಪ್ಟರೊಂದು ಆಳಂದದ ಮೈದಾನದ ಮೇಲೆ ಬಂದು ಕದಲದೆ ನಿಂತಿತ್ತು. ಯಲ್ಲಾಲಿಂಗ ಎರಡನ್ನೂ ಕೂಡಿಸಿ ನೋಡಿದ. ಮುಂಬಯಿ ಇರುವುದು ಪಶ್ಚಿಮಕ್ಕೆ. ಅಂದಮೇಲೆ ಆಳಂದದಲ್ಲಿ ಮೇಲೇರಿ ಸ್ವಲ್ಪ ಹೊತ್ತು ಕಾದರೆ ಮುಂಬಯಿ ತಾನಾಗಿಯೇ ಬರುತ್ತದೆ, ಇಳಿದುಬಿಡುವುದು. ರಾತ್ರಿಯಿಡೀ ರೈಲಿನ ಬಾಗಿಲಲ್ಲಿ ಜೋತುಬಿದ್ದು ಹೋಗುವವರ ಅಜ್ಞಾನಕ್ಕೆ ಅವನು ಮರುಗಿದ್ದ. (ಮುಂದೆ ತಾನೂ ಅದೇ ಬಾಗಿಲಲ್ಲಿ ಜೋತುಬಿದ್ದೇ ಬಂದ. ಅದು ಬೇರೆ ಮಾತು.)

ಈ ಸಂಶೋಧನೆಯನ್ನು ಎದೆಯಲ್ಲೇ ಹೂತಿಟ್ಟುಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಮದುವೆಯ ಹೊಸತರಲ್ಲಿ ಹೆಂಡತಿ ಶಿವಕುಮಾರಿಯನ್ನು ನಗಿಸಲೆಂದು ಅದನ್ನು ಹೇಳಿಬಿಟ್ಟ. ಅವಳು ನಕ್ಕಳು. ಅಲ್ಲಿಗೆ ನಿಲ್ಲಲಿಲ್ಲ, ಮುಂಬಯಿಯ ಸಯನ್ನಿನ ತವರಿಗೆ ಹೋಗಿ ಅಪ್ಪನನ್ನೂ ನಗಿಸಿದಳು.

ಅಪ್ಪ ಎಂದರೆ ಬಸವಂತಪ್ಪ. ಸಯನ್ನಿನ ಚಾಳಿನ ಮೂಲೆಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ಇಟ್ಟು, ಅರ್ಧ ಊಟವನ್ನು ಗಿರಾಕಿಗಳಿಗೂ ಉಳಿದರ್ಧವನ್ನು ತನಗೂ ಬಡಿಸಿಕೊಂಡು ಬೆಳೆದ ದೇಹ. ಯಲ್ಲಾಲಿಂಗ ಲಿಫ್ಟ್ ರಿಪೇರಿಯವನು. ಮುಲುಂಡ್‌ನಿಂದ ಸಾಂತಾಕ್ರೂಜ್‌ವರೆಗೆ ಎಲ್ಲೆಲ್ಲಿ ಲಿಫ್ಟು ಕೈಕೊಡುತ್ತದೋ ಅಲ್ಲೆಲ್ಲ ಪಾನಾ, ಪಕ್ಕಡ ಹಿಡಿದು ಓಡುವ ಸಂಬಳದ ಕೆಲಸ. ಆ ಕೆಲಸದ ಬಗ್ಗೆ ಮಾವನ ಅಭಿಪ್ರಾಯ ಇಡೀ ಚಾಳಿಗೆ ಬಾಯಿಪಾಠವಾಗಿತ್ತು.

“ಮುಂಜಾನಿಂದ ಸಂಜೀತನಕ ಮ್ಯಾಲ ಹೋಗ್ತಾರ, ಕೆಳಗ ಬರ್ತಾರ. ಮಂದಿ ಎಲ್ಲಾ ತಮ್ಮ ತಮ್ಮ ಮಾಳಿಗಿ ಮುಟ್ಟತಾರ, ಇವ್ರು ಮಾತ್ರ ಇದ್ದಲ್ಲೇ ಇರ್ತಾರ!”

ಇದನ್ನು ನಕ್ಕು ನುಂಗಬಹುದಿತ್ತು. ನುಂಗಲಾಗದ ತುತ್ತು ಬೇರೆ ಇತ್ತು. ಮದುವೆಯಾಗಿ ಇಷ್ಟು ದಿನವಾದರೂ ಬಸವಂತಪ್ಪ ನಾಲ್ಕು ಜನರ ಮುಂದೆ ಒಮ್ಮೆಯೂ ‘ಇವರು ನಮ್ಮ ಅಳೇದೇವ್ರು’ ಎಂದವನಲ್ಲ. ಉಳಿದ ಮನೆಗಳಲ್ಲಿ ಎಂಥೆಂಥ ಅಳಿಯಂದಿರೂ ದೇವರಾಗಿಬಿಟ್ಟಿದ್ದರು. ಇವನು ಮಾತ್ರ ಎದುರಿಗೆ ‘ಲಿಫ್ಟಿನವರ’, ಹಿಂದೆ ‘ನಮ್ಮ ಶಿವಕುಮಾರಿ ಗಂಡ’. ದೇವರ ಪದವಿ ಹೇಗಾದರೂ ಗಳಿಸಬೇಕೆಂದು ಯಲ್ಲಾಲಿಂಗ ಕಾಯುತ್ತಿದ್ದ.

ಆ ಪದವಿ ಸಾಂತಾಕ್ರೂಜ್‌ನ ಒಂದು ಬಿಲ್ಡಿಂಗಿನಲ್ಲಿ, ಎರಡು ಮಾಳಿಗೆಗಳ ನಡುವೆ ಸಿಕ್ಕಿಕೊಂಡಿತ್ತು. ಲಿಫ್ಟಿನೊಳಗೆ ಸಿಕ್ಕವರು ರೋಶನ್ ಸಾಹೇಬರು, ಹೆಲಿಕಾಪ್ಟರಿನಲ್ಲಿ ಜನರಿಗೆ ಬೆಟ್ಟ ಕಡಲು ತೋರಿಸುವ ಕಂಪನಿಯ ಮಾಲೀಕರು. ದಿನವೂ ಆಕಾಶದಲ್ಲಿ ಓಡಾಡುವ ಮನುಷ್ಯ ನಾಲ್ಕಡಿ ಗಾತ್ರದ ಡಬ್ಬಿಯಲ್ಲಿ ಕೂತು ದೇವರನ್ನು ಕೂಗುತ್ತಿದ್ದರು. ಯಲ್ಲಾಲಿಂಗ ಬಾಗಿಲು ತೆರೆದು ಹೊರಗೆಳೆದ. ಸಾಹೇಬರು ಅವನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಬೋಲೋ ಭಾಯಿ, ಕ್ಯಾ ಚಾಹಿಯೇ? ಪೂರಾ ಫ್ಯಾಮಿಲಿ ಲೇಕೆ ಆವೊ. ಚಾರ್ ಸೀಟ್ ತುಮ್ಹಾರಾ. ಟೂರ್ ಜೋ ಪಸಂದ್ ಹೋ!”

ನಾಲ್ಕು ಸೀಟು. ತಾನು, ಹೆಂಡತಿ, ಮಾವ, ಅತ್ತೆ ಮಹಾದೇವಿ. ಲೆಕ್ಕ ದೇವರೇ ಕೂಡಿಸಿಟ್ಟಂತಿತ್ತು.

ಭಾನುವಾರ ಮಧ್ಯಾಹ್ನ ಖಾನಾವಳಿ ಮುಚ್ಚಿದ ಮೇಲೆ, ಟೇಬಲ್ಲು ಒರೆಸಿ, ಮೊಬೈಲನ್ನು ಉಪ್ಪಿನಕಾಯಿ ಡಬ್ಬಿಗೆ ಆನಿಸಿಟ್ಟು ಯಲ್ಲಾಲಿಂಗ ಸಭೆ ಕರೆದ. ಆಯ್ಕೆಗೆ ಮೂರು ಪ್ರವಾಸಗಳಿದ್ದವು. ಮೊದಲನೆಯದು ಮುಂಬಯಿಯ ಕಡಲತೀರ. ಎರಡನೆಯದು ದೂರದ ಲೋಣಾರ್ ಸರೋವರ. ಮೂರನೆಯದು ಖಂಡಾಲಾ ಘಾಟಿನ ನಾಗಫಣಿ, ಹೆಡೆಯೆತ್ತಿದ ಹಾವಿನಂತೆ ನಿಂತ ಆ ಬಂಡೆಗುಡ್ಡ.

“ಸಮುದ್ರಾನೇ ಇರ್ಲಿ” ಎಂದಳು ಶಿವಕುಮಾರಿ. “ಫೋಟೋ ಚಂದ ಬರ್ತಾವ.”

“ಏನ್ ಚಂದ?” ಎಂದಳು ಮಹಾದೇವಿ. “ಕೆಳಗಿಂದ ನೋಡಿದ್ರೂ ನೀರು, ಮ್ಯಾಲಿಂದ ನೋಡಿದ್ರೂ ನೀರು. ಮಳಿಗಾಲದಾಗ ಅದೇ ಸಮುದ್ರ ನಮ್ಮ ಮನೀಗೇ ಬಂದು ಭೆಟ್ಟಿ ಆಗಿ ಹೋಗ್ತದ.”

ಯಲ್ಲಾಲಿಂಗ ಗಂಟಲು ಸರಿಪಡಿಸಿಕೊಂಡು, ಪ್ರಾಧ್ಯಾಪಕರ ಗತ್ತಿನಲ್ಲಿ ಲೋಣಾರಿನ ಮಹಿಮೆ ಹೇಳಿದ. “ಭಾಳ ಹಿಂದ ಆಕಾಶದಿಂದ ಉಲ್ಕೆ ಬಿದ್ದು ಆದ ತೆಗ್ಗು ಅದು, ಮಾವಾರ. ಜಗತ್ತಿನ್ಯಾಗೇ ಅಪರೂಪ. ವಿಜ್ಞಾನಿಗಳೆಲ್ಲ ಬಂದು ನೋಡ್ತಾರ.”

“ತೆಗ್ಗೇನ್ರಿ?” ಬಸವಂತಪ್ಪ ಹಲ್ಲಿಗೆ ಸಿಕ್ಕಿದ್ದ ಸೋಂಪಿನ ಕಾಳನ್ನು ನಿಧಾನವಾಗಿ ತೆಗೆದ. “ತೆಗ್ಗು ನೋಡ್ಲಾಕ ಆಕಾಶಕ್ಕ ಯಾಕ ಹೋಗಬೇಕು, ಲಿಫ್ಟಿನವರ? ಈ ಬಾಗಲ್ದಾಗ ನಿಂತು ರಸ್ತಾ ನೋಡ್ರಿ. ಇಲ್ಲಿ ಯಾವ ಉಲ್ಕೀನೂ ಬೀಳಬೇಕಾಗಿಲ್ಲ, ಮುನಸಿಪಾಲ್ಟಿ ಒಂದಿದ್ರ ಸಾಕು.”

“ಅಲ್ಲದ, ಅಲ್ಲಿ ಒಮ್ಮೆ ಕಲ್ಲು ಬಿದ್ದದ ಅಂತೀರಿ” ಎಂದಳು ಮಹಾದೇವಿ. “ಮತ್ತ ಬೀಳಂಗಿಲ್ಲ ಅಂತ ಯಾರ್ ಬರದು ಕೊಟ್ಟಾರ?”

ವಿಜ್ಞಾನ ಅಲ್ಲಿಗೆ ಸೋತಿತು. ಯಲ್ಲಾಲಿಂಗ ಬೆರಳಾಡಿಸಿ ಮೂರನೆಯ ಚಿತ್ರ ತೆಗೆದ. ಹಸಿರು ಕಣಿವೆ, ಅಂಚಿನಲ್ಲಿ ಬೆಳ್ಳಿಯೆಳೆಯಂಥ ಝರಿಗಳು, ನಡುವೆ ಆ ಕರಿಯ ಹೆಡೆ. ಮಹಾದೇವಿ “ನಾಗಪ್ಪ!” ಎಂದು ಮೊಬೈಲಿಗೇ ಕೈಮುಗಿದಳು. ಬಸವಂತಪ್ಪ ಮಾತ್ರ ಮಾತಾಡಲಿಲ್ಲ. ಅವನು ಮಾತಾಡದೇ ಇರುವುದು ಊಟದ ಹೊತ್ತಿನಲ್ಲಿ ಮಾತ್ರ. ಎದುರಿಗೆ ತಾಟಿಲ್ಲದೆ ಅವನು ಸುಮ್ಮನಾದದ್ದನ್ನು ಕಂಡು ಶಿವಕುಮಾರಿಗೆ ಗಾಬರಿಯಾಯಿತು.

“ಏನಾತಪ್ಪಾ?”

“ಇದನ್ನ ನಾ ಬಲ್ಲೆ” ಎಂದ ಬಸವಂತಪ್ಪ. “ನಾ ಮೊದಲ ಸಲ ಬರೋ ಮುಂದ ಜನರಲ್ ಡಬ್ಬಿ ಬಾಗಲ್ದಾಗ ನಿಂತಿದ್ದೆ. ಒಂದು ಕಾಲು ಒಳಗ, ಒಂದು ಕಾಲು ಹೊರಗ. ಬೆಳಗಾತು, ಘಾಟ್ ಬಂತು. ತಲಿ ಎತ್ತಿ ನೋಡ್ತೀನಿ, ಇದು ನಿಂತದ! ‘ಏನಲೇ, ನೀನೂ ಬಂದೀಯೇನು ಮುಂಬಯಿಗೆ?’ ಅಂತ ಕೇಳಿದಂಗಾತು. ಎದಿ ಝಲ್ ಅಂತು. ಆಮ್ಯಾಲ ಊರಿಗೆ ಹೋಗೋ ಮುಂದ, ಬರೋ ಮುಂದ, ಪ್ರತಿಸಲ ಅದು ಮ್ಯಾಲ, ನಾ ಕೆಳಗ. ಒಮ್ಮೆರ ಅದರ ನೆತ್ತಿ ನೋಡಬೇಕಂತ ಹಟ ಅದ ನನಗ.”

ಯಲ್ಲಾಲಿಂಗನಿಗೂ ಆ ಬಾಗಿಲು ಗೊತ್ತಿತ್ತು, ಆ ಝಲ್ಲೆನ್ನುವುದೂ ಗೊತ್ತಿತ್ತು. ಆಳಂದದಿಂದ, ಅಫಜಲಪುರದಿಂದ, ಇಂಡಿಯಿಂದ ಸಿಮೆಂಟು ಹೊರಲು, ರೊಟ್ಟಿ ಬಡಿಯಲು, ಲಿಫ್ಟು ಏರಿಸಲು ಬಂದವರೆಲ್ಲ ಆ ಹೆಡೆಯ ಕೆಳಗೆ ಕತ್ತೆತ್ತಿ ಹಾದುಬಂದವರೇ. ಅವನು ಎದ್ದು ನಿಂತು, “ಹಂಗಾರ ನಾಗಫಣಿ ಪಕ್ಕಾ!” ಎಂದು ಘೋಷಿಸಿದ. ಆಯ್ಕೆ ತನ್ನದೇ ಎನ್ನುವ ಹಾಗೆ ಘೋಷಿಸಿದ. ಮಾವ ತಲೆದೂಗಿದ. ‘ಲಿಫ್ಟಿನವರ’ ಎನ್ನಲಿಲ್ಲ. ‘ಅಳೇದೇವ್ರ’ ಎಂದೂ ಅನ್ನಲಿಲ್ಲ. ಪದವಿ ಎರಡು ಮಾಳಿಗೆಗಳ ನಡುವೆ ಬಂದು ನಿಂತಿತು.

ಮರುದಿನ ಕಂಪನಿಯಿಂದ ಸಂದೇಶ ಬಂತು. ನಾಲ್ವರ ತೂಕ ತಿಳಿಸಿ.

ಇಲ್ಲಿ ಯಲ್ಲಾಲಿಂಗ ಧರ್ಮಸಂಕಟಕ್ಕೆ ಬಿದ್ದ. ಮಾವನಿಗೆ ಫೋನು ಮಾಡಿ ‘ನಿಮ್ಮ ತೂಕ ಎಷ್ಟು?’ ಎಂದು ಕೇಳುವುದೇ? ಅತ್ತೆಯನ್ನು ಕೇಳುವುದಂತೂ ಕಲ್ಪನೆಗೂ ಮೀರಿದ್ದು. ಹೆಂಡತಿಯನ್ನು ಹಿಂದೊಮ್ಮೆ ಕೇಳಿದ್ದ, ಆ ದಿನದ ಸೀದ ಅನ್ನ ಇನ್ನೂ ನೆನಪಿತ್ತು. ಕೊನೆಗೆ ವೃತ್ತಿಯೇ ಕೈಹಿಡಿಯಿತು. ಲಿಫ್ಟಿನ ಲೋಕದಲ್ಲಿ ಮನುಷ್ಯ ಎಂದರೆ ಅರವತ್ತೆಂಟು ಕಿಲೋ. ಪೈಲ್ವಾನನಾಗಲಿ, ಕ್ಷಯದ ರೋಗಿಯಾಗಲಿ, ಲಿಫ್ಟಿನ ತಗಡು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ. ನಾಲ್ಕು ಜನ, ಇನ್ನೂರ ಎಪ್ಪತ್ತೆರಡು ಕಿಲೋ. ಎಷ್ಟೋ ಲಿಫ್ಟುಗಳಲ್ಲಿ ದಿನವೂ ಓದುವ ಸಾಲು. ತಲೆಗೆ ಅರವತ್ತೆಂಟರಂತೆ ಅದನ್ನೇ ಒತ್ತಿ ಕಳಿಸಿ ನಿಶ್ಚಿಂತನಾದ. (ಬಸವಂತಪ್ಪನನ್ನು ಅರವತ್ತೆಂಟು ಮಾಡಬೇಕಾದರೆ ಏನೇನು ಕಡಿಯಬೇಕಾದೀತು ಎಂದು ಆಗ ಅವನು ಯೋಚಿಸಲಿಲ್ಲ.)

ಇಷ್ಟಕ್ಕೆ ಬಿಟ್ಟಿದ್ದರೂ ನಡೆಯುತ್ತಿತ್ತೇನೋ. ಆದರೆ ಹಾರುವ ಸುದ್ದಿಯನ್ನು ನೆಲದ ಮೇಲೆ ಸುಮ್ಮನೆ ಬಿಡಲು ಯಲ್ಲಾಲಿಂಗನಿಗೆ ಮನಸ್ಸು ಬರಲಿಲ್ಲ. ಚಾಳಿನ ಹೆಂಗಸರಿಗೆಲ್ಲ ತಾನೇ ಹೋಗಿ ಹೇಳಿದ.

“ಅತ್ತಿಯಾರು, ಶಿವಕುಮಾರಿ ಆಕಾಶಕ್ಕ ಹೊಂಟಾರ. ಬರಿ ಉಡೀಲೆ ಕಳಸ್ತೀರೇನು? ನಾಗಪ್ಪನ ಹಂತ್ಯಾಕ ಹೊಂಟಾರ್ರಿ!”

ಮುತ್ತೈದೆ ದೂರದ ದಾರಿಗೆ ಹೊರಟರೆ ಉಡಿ ತುಂಬುವುದು ಎಲ್ಲರಿಗೂ ಗೊತ್ತು. ಆದರೆ ಆಕಾಶದ ದಾರಿಗೆ ಎಷ್ಟು ತುಂಬಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಎಲ್ಲರೂ ಧಾರಾಳವಾದರು. ಹೊರಡುವ ಬೆಳಿಗ್ಗೆ ಹಾಲವ್ವ ಸೇರುಗಟ್ಟಲೆ ಅಕ್ಕಿ ಸುರಿದಳು. ಇಂದ್ರಾಬಾಯಿ ಅವಳಿಗಿಂತ ಕಡಿಮೆಯಾಗಬಾರದೆಂದು ಮತ್ತಷ್ಟು ಸುರಿದಳು. ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಖಣ, ಮತ್ತೆ ಅಕ್ಕಿ. ತಾಯಿ ಮಗಳ ಸೆರಗು ಸಾಲದೆ ಮೇಲೊಂದು ಪಂಚೆ ಬಿಗಿದರು. ಪಕ್ಕದ ಖೋಲಿಯ ಜೈತುನಬಿ, ಇಂಡಿ ಕಡೆಯ ನೇರ ನಾಲಿಗೆಯ ಹೆಂಗಸು, ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯೆಯ ಗಂಟೊಂದನ್ನು ಬಸವಂತಪ್ಪನ ಕೈಗಿಟ್ಟಳು.

“ಮ್ಯಾಲ ಹೊಟೇಲ್ ಇರ್ತಾವೋ ಇಲ್ಲೋ. ಇಟ್ಕೋ ಭೈಯಾ.”

ಯಲ್ಲಾಲಿಂಗ ಎಲ್ಲವನ್ನೂ ವಿಡಿಯೋ ಮಾಡಿದ. ಹೆಂಡತಿ, ಅತ್ತೆ ಇಬ್ಬರೂ ತುಂಬಿದ ಕೊಡಗಳಂತೆ ಓಲಾಡುತ್ತ ಟ್ಯಾಕ್ಸಿಯ ಕಡೆ ನಡೆಯುವುದನ್ನು ಕಂಡು ಅವನೆದೆ ಉಬ್ಬಿತು.

ಸಾಂತಾಕ್ರೂಜ್ ಪಕ್ಕದ ಹೆಲಿಕಾಪ್ಟರ್ ಮೈದಾನದಲ್ಲಿ ಆಗಸ ತೊಳೆದಿಟ್ಟಂತಿತ್ತು. ಕಂಪನಿಯ ಸಚಿನ ಎಂಬ ಹುರುಪಿನ ನೌಕರ ಅವರನ್ನು ನೆಲಕ್ಕೆ ಹಾಸಿದ್ದ ಒಂದು ದೊಡ್ಡ ಕಬ್ಬಿಣದ ತೂಕದ ಹಲಗೆಯ ಹತ್ತಿರ ಕರೆದೊಯ್ದ. ಸಾಮಾನು ಸಮೇತ ಎಲ್ಲರೂ ಅದರ ಮೇಲೆ ನಿಲ್ಲಬೇಕಂತೆ. ಬಸವಂತಪ್ಪ ಹತ್ತಿದ. ಮಹಾದೇವಿ ಹತ್ತಿದಳು. ಶಿವಕುಮಾರಿ ಹತ್ತಿದಳು. ಈ ಐತಿಹಾಸಿಕ ಕ್ಷಣವನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತ ಯಲ್ಲಾಲಿಂಗ ಎಲ್ಲರಿಗಿಂತ ಕೊನೆಗೆ ಕಾಲಿಟ್ಟ.

ಟೀಂ... ಟೀಂ... ಟೀಂ...

ಆ ಸದ್ದು ಅವನಿಗೆ ಹೆಂಡತಿಯ ದನಿಗಿಂತ ಹೆಚ್ಚು ಪರಿಚಿತ. ಲಿಫ್ಟಿನಲ್ಲಿ ಜನ ಹೆಚ್ಚಾದಾಗ ಬರುವ ಅದೇ ಸದ್ದು.

ಸಚಿನ ಮೊಬೈಲಿನಲ್ಲಿದ್ದ ಅರವತ್ತೆಂಟರ ಸಂದೇಶವನ್ನೂ ಬಸವಂತಪ್ಪನನ್ನೂ ಸರದಿಯಂತೆ ನೋಡಿದ. “ದಾದಾ, ಅಡಸಠ್? ಯೇ ಅಡಸಠ್ ಹೈ?”

“ಲಿಫ್ಟ್ ಕೇ ಹಿಸಾಬ್ ಸೇ...” ಎಂದ ಯಲ್ಲಾಲಿಂಗ.

“ದಾದಾ, ಯೇ ಲಿಫ್ಟ್ ನಹೀ ಹೈ. ಇಸಕೋ ರಸ್ಸೀ ನಹೀ ಹೈ.”

ಹಗ್ಗವಿಲ್ಲದ ವಾಹನದ ಭಾರ ಇಳಿಸುವ ಕಾರ್ಯ ಶುರುವಾಯಿತು. ಮೊದಲು ರೊಟ್ಟಿಯ ಗಂಟು ಇಳಿಯಿತು. ಬಸವಂತಪ್ಪ ಅದನ್ನು ಮಗುವಿನಂತೆ ನೆಲಕ್ಕಿಟ್ಟ. ನೀರಿನ ಬಾಟಲಿ ಇಳಿಯಿತು. ಮಹಾದೇವಿ, “ನಾಗಪ್ಪನ ತಲಿ ಮ್ಯಾಲ ಚಪ್ಪಲಿ ಹಾಕ್ಕೊಂಡು ಹಾಯ್ತಾರೇನು?” ಎಂದದ್ದೇ ಮೂರು ಜೊತೆ ಚಪ್ಪಲಿ ಇಳಿದವು. ಟೀಂಟೀಂ ನಿಲ್ಲಲಿಲ್ಲ. ಸಚಿನನ ಕಣ್ಣು ಸೆರಗಿನಲ್ಲಿ ಉಬ್ಬಿದ್ದ ಎರಡು ಉಡಿಗಳ ಮೇಲೆ ನಿಂತಿತು.

“ಮಾವಶಿ, ಪದರ್ ಮೇ ಕ್ಯಾ ಹೈ?”

“ಉಡಿ” ಎಂದಳು ಮಹಾದೇವಿ, ಅದಕ್ಕಿಂತ ಹೆಚ್ಚಿನ ವಿವರಣೆ ಈ ಭೂಮಂಡಲದಲ್ಲಿ ಯಾರಿಗೂ ಬೇಕಾಗದು ಎಂಬಂತೆ.

ಎರಡು ಉಡಿ ಇಳಿಸಿದರೆ ನಾಲ್ವರೂ ಹಾರಬಹುದು ಎಂದು ಸಚಿನ ಲೆಕ್ಕ ಹಾಕಿ ಹೇಳಿದ. ಯಲ್ಲಾಲಿಂಗ ಆಸೆಯಿಂದ ಅತ್ತೆಯ ಕಡೆ ನೋಡಿದ.

“ಅತ್ತಿಯಾರ, ಒಂದು ತಾಸಿನ ಮಾತು. ನಾನೇ ಇಲ್ಲಿ ಜ್ವಾಪಾನ ಇಡಸ್ತೀನಿ...”

“ಬಿಡತು ಅನ್ರಿ!” ಮಹಾದೇವಿ ಎರಡೂ ಕೈಯಿಂದ ಉಡಿ ಅವುಚಿಕೊಂಡಳು. “ತುಂಬಿದ ಉಡಿ ಮನೀ ಜಗಲಿ ಮುಂದೇ ಇಳಸಬೇಕು. ನಡುದಾರ್ಯಾಗ ಬಿಚ್ಚತಾರೇನು? ಅದೂ ನೀವಾಗೇ ಹೇಳಿ ತುಂಬ್ಸಿದ್ದು!”

ಉಡಿ ಇಳಿಯುವಂತಿಲ್ಲ. ಹಾಗಾದರೆ ಇಳಿಯಬೇಕಾದದ್ದು ಮನುಷ್ಯ. ಶಿವಕುಮಾರಿ ಮೆಲ್ಲನೆ, “ನಾ ಇಳೀಲೇನ್ರಿ?” ಎಂದಳು. ಯಲ್ಲಾಲಿಂಗ ಗಂಡನ ಔದಾರ್ಯದಿಂದ “ಛೇ, ಬ್ಯಾ...” ಎನ್ನುವಷ್ಟರಲ್ಲಿ ಅವಳು “ಹಂಗಾರ ಆತು ಬಿಡ್ರಿ” ಎಂದು ಅವ್ವನ ಪಕ್ಕ ಒತ್ತಿ ನಿಂತಳು. ಆಗ ಬಸವಂತಪ್ಪ ಗಂಟಲು ಕೆಮ್ಮಿದ.

“ಲಿಫ್ಟಿನವರ, ಹಿಂಗ ಟೀಂಟೀಂ ಅಂದ್ರ ನಿಮ್ಮ ಲಿಫ್ಟಿನ್ಯಾಗ ಏನ್ ಕಾನೂನು? ಮೊನ್ನೆ ಚಾಳಿನ ಮಂದಿ ಮುಂದ ಭಾಷಣ ಮಾಡಿದ್ರಲ್ಲ?”

ಮಾಡಿದ್ದ. ಬಹಳ ಗಂಭೀರವಾಗಿ, ಬೆರಳೆತ್ತಿ ಮಾಡಿದ್ದ.

“ಕಡೇಕ ಏರಿದಾಂವ ಮೊದಲ ಇಳೀಬೇಕು, ಮಾವಾರ” ಎಂದು ಯಲ್ಲಾಲಿಂಗ ಹೇಳಿದ, ಮತ್ತು ಇಳಿದ. ಸದ್ದು ತಟ್ಟನೆ ನಿಂತಿತು. ಆ ನಿಶ್ಶಬ್ದದಷ್ಟು ಅವಮಾನವನ್ನು ಅವನಿಗೆ ಯಾವ ಗ್ರಾಹಕನೂ ಮಾಡಿರಲಿಲ್ಲ.

ಹೆಲಿಕಾಪ್ಟರು ಎದ್ದಿತು. ಧೂಳಿನಲ್ಲಿ ಕಣ್ಣುಜ್ಜಿಕೊಳ್ಳುತ್ತ ಅವನು ನೋಡಿದ. ಮುಂದೆ ಪೈಲಟ್ಟಿನ ಪಕ್ಕ ಮಾವ, ಹಿಂದಿನ ಸಾಲಿನಲ್ಲಿ ಹೆಂಡತಿ, ಅತ್ತೆ, ಮತ್ತು ನಡುವೆ ಅಳಿಯನ ಸೀಟಿಗೆ ಚಾಚಿಕೊಂಡು ಸುಖವಾಗಿ ಒರಗಿದ್ದ ಅವರ ಎರಡು ಉಡಿ. ಅದು ಚುಕ್ಕಿಯಾಗಿ ಪೂರ್ವದ ಕಡೆ ಕರಗಿತು. ಯಲ್ಲಾಲಿಂಗ ಮೂರು ಜೊತೆ ಚಪ್ಪಲಿಗಳನ್ನು ಎದುರಿಗಿಟ್ಟುಕೊಂಡು ಗೋಡೆಗೊರಗಿ ಕೂತ. ನಿಂತಲ್ಲೇ ನಿಂತರೆ ಭೂಮಿ ತಿರುಗಿ ಊರು ತಂದುಕೊಡುತ್ತದೆ ಎಂದು ನಂಬಿದ್ದವನಿಗೆ ನಿಲ್ಲುವ ಅವಕಾಶವೇನೋ ಧಾರಾಳವಾಗಿ ಸಿಕ್ಕಿತ್ತು. ಸ್ವಲ್ಪ ಹೊತ್ತಿಗೆ ಸಚಿನ ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಗಂಟು ಬಿಚ್ಚಿದರು. ಜೈತುನಬಿಯ ಶೇಂಗಾ ಹಿಂಡಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಒಳ್ಳೆಯ ಕಾರಣವಾಯಿತು.

ಹೆಲಿಕಾಪ್ಟರು ಮರಳಿ ಬಂತು. ಮಹಾದೇವಿ ಇಳಿದವಳೇ ನೆಲ ಮುಟ್ಟಿ ನಮಸ್ಕರಿಸಿದಳು. ಶಿವಕುಮಾರಿ ಬಾಯಿ ತೆರೆದರೆ ಬರೀ “ಅಯ್ಯಯ್ಯ, ಏನ್ ಹಸರು! ಅಯ್ಯಯ್ಯ, ಏನ್ ನೀರು!” ಎನ್ನುತ್ತಿದ್ದಳು. ಬಸವಂತಪ್ಪ ನೆಟ್ಟಗೆ ಬಂದು ಚಪ್ಪಲಿ ಮೆಟ್ಟಿದ. ಟ್ಯಾಕ್ಸಿ ಸಯನ್ ಮುಟ್ಟುವ ಹೊತ್ತಿಗೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

“ಅದರ ನೆತ್ತಿ ಮ್ಯಾಲ ಏನೂ ಇಲ್ರಿ. ಬರೇ ಹುಲ್ಲು. ಗಾಳಿಗೆ ಅಲ್ಲಾಡ್ಲಾಕತ್ತಿತ್ತು. ಕೆಳಗ ಘಾಟ್‌ದಾಗ ಒಂದು ರೈಲು ಹೊಂಟಿತ್ತು, ಇಷ್ಟೇ ಇಷ್ಟು. ಬಾಗಲ್ದಾಗ ಯಾರರ ನಿಂತಿರಬೇಕು ಅನಕೊಂಡು ಕೈ ಮಾಡಿದೆ.” ಆಮೇಲೆ ಅಳಿಯನ ಕಡೆ ತಿರುಗಿ, “ಇಷ್ಟು ವರ್ಷ ಅದಕ್ಕ ಅಂಜಿದ್ನಲ್ಲ! ಇವತ್ತು ಅದು ಕೆಳಗ, ನಾ ಮ್ಯಾಲ. ನಿಮ್ಮಿಂದ ಆತು” ಎಂದ.

ಯಲ್ಲಾಲಿಂಗ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಈ ಸಲ ಹಿಂಡಿ ತಿಂದಿರಲಿಲ್ಲ.

“ಒಂದು ಮಾತು” ಎಂದು ಬಸವಂತಪ್ಪ ದನಿ ತಗ್ಗಿಸಿದ. “ಚಾಳಿನ್ಯಾಗ ನೀವೂ ಬಂದಿದ್ರಿ ಅಂತನೇ ಹೇಳೋಣು. ಅಳಿಯನ್ನ ಕೆಳಗ ಕುಂದ್ರಿಸಿ ತಾ ಹಾರಿದ ಅಂತ ಮಂದಿ ನನ್ನ ಮಾರಿಗೆ ಉಗಳತಾರ.”

ಚಾಳಿನ ಬಾಗಿಲಲ್ಲಿ ಆರತಿಯ ತಟ್ಟೆ ಸಿದ್ಧವಿತ್ತು. ಹೆಲಿಕಾಪ್ಟರಿನಲ್ಲಿ ತಾನೇ ಕೈಚಾಚಿ ಹಿಡಿದ ವಿಡಿಯೋವನ್ನು ಶಿವಕುಮಾರಿ ದಾರಿಯಲ್ಲೇ ಕಳಿಸಿಬಿಟ್ಟಿದ್ದಳು, ಎಲ್ಲರ ಕೈಯಲ್ಲೂ ಅದೇ ಓಡುತ್ತಿತ್ತು. ಬಸವಂತಪ್ಪ ಮೆಟ್ಟಿಲ ಮೇಲೆ ನಿಂತು ಯಲ್ಲಾಲಿಂಗನ ಹೆಗಲ ಮೇಲೆ ಕೈಹಾಕಿದ. ಆ ಕೈಯ ಭಾರವೇ ಒಂದು ಉಡಿಯಷ್ಟಿತ್ತು.

“ನೋಡ್ರೆವಾ, ನೋಡ್ರಪಾ! ಇವ್ರು ನಮ್ಮ ಅಳೇದೇವ್ರು! ನಾಗಫಣಿ ನೆತ್ತಿ ತೋರಿಸಿದವ್ರು! ಮುಂದ ಡ್ರೈವರ್ ಬಾಜೂಕ ಕುಂತು, ‘ಮಾವಾರ, ಇಲ್ಲಿ ನೋಡ್ರಿ, ಅಲ್ಲಿ ನೋಡ್ರಿ’ ಅಂತ ದಾರಿ ಉದ್ದಕ್ಕೂ ಹೇಳ್ಕೋತ ಬಂದ್ರು!”

ಅಳೇದೇವ್ರು! ಯಲ್ಲಾಲಿಂಗನ ಕಾಲು ನೆಲ ಬಿಟ್ಟಿತು. ಯಾವ ಹೆಲಿಕಾಪ್ಟರೂ ಅವನನ್ನು ಅಷ್ಟು ಎತ್ತರಕ್ಕೆ ಒಯ್ಯುತ್ತಿರಲಿಲ್ಲ. ಇಂದ್ರಾಬಾಯಿ ಆರತಿ ಎತ್ತಿದಳು. ಹಾಲವ್ವ ಕುಂಕುಮ ಹಚ್ಚಿದಳು. ಜೈತುನಬಿ ಮಾತ್ರ ಕನ್ನಡಕ ಏರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ವಿಡಿಯೋವನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಳು.

“ಕ್ಯೋಂ ಬೇಟಾ ಯಲ್ಲಾಲಿಂಗ” ಎಂದಳು. “ಡ್ರೈವರ್ ಬಾಜೂಕ ಬಸವಂತಪ್ಪನ ಹೊಟ್ಟಿ ಕಾಣ್ತದ. ಹಿಂದ ಮಹಾದೇವಿ, ಶಿವಕುಮಾರಿ, ನಾವು ತುಂಬಿದ ಉಡಿ ಎಲ್ಲಾ ಕಾಣ್ತಾವ. ಅಂದ್ರ ನೀ ಎಲ್ಲಿದ್ದಿ?”

ಶಿವಕುಮಾರಿ ಅವನ ಕಾಲು ತುಳಿದಳು. ಮಾವನ ಕೈ ಹೆಗಲನ್ನು ಬಿಗಿಯಾಗಿ ಅಮುಕಿತು. ವಿಡಿಯೋ ಹಿಡಿದವನು ತಾನೇ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಬುದ್ಧಿವಂತ ಉತ್ತರ ಅವನಿಗೆ ಹೊಳೆಯಿತು ಕೂಡ, ಆದರೆ ಮುಲುಂಡ್ ಲೋಕಲ್ಲಿನಲ್ಲಿ ಮನೆಗೆ ಮರಳುವಾಗ ಹೊಳೆಯಿತು. ಆ ಕ್ಷಣಕ್ಕೆ ಮಾತ್ರ, ಹಣೆಯಲ್ಲಿ ಹಸಿ ಕುಂಕುಮ ಹೊತ್ತು ನಿಂತ ದೇವರು ಬಾಯಿ ತೆರೆದದ್ದು ಹೀಗೆ:

“ಚಪ್ಪಲಿ ಕಾಯ್ಲಾಕತ್ತಿದ್ದೆ, ಖಾಲಾ.”